ಶ್ವಾಸಕೋಶದ ಗ್ರೌಂಡ್ ಗ್ಲಾಸ್ ಗಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಮ್ಮಿಗೋ ಹೃದಯದ ತಪಾಸಣೆಗೋ ಬಿದ್ದು ಪೆಟ್ಟಾದದ್ದಕ್ಕೋ ಮಾಡಿಸಿದ ಸಿಟಿ ಸ್ಕ್ಯಾನ್‌ನ ವರದಿಯಲ್ಲಿ ‘ಜಿಜಿಎನ್’ (ಗ್ರೌಂಡ್ ಗ್ಲಾಸ್ ನಾಡ್ಯೂಲ್, ಅಂದರೆ ಗಂಟು), ‘ಜಿಜಿಓ’ (ಗ್ರೌಂಡ್ ಗ್ಲಾಸ್ ಒಪಾಸಿಟಿ, ಅಂದರೆ ಮಬ್ಬು), ‘ಸಬ್‌ಸಾಲಿಡ್ ನಾಡ್ಯೂಲ್’ ಎಂಬ ಸಾಲು ಕಂಡವರಿಗಾಗಿ ಈ ಪುಟ. ಇಲ್ಲಿ ಹೇಳಿರುವ ಅಳತೆ, ಅವಧಿಗಳು ಹೆಚ್ಚಾಗಿ ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಮಾರ್ಗಸೂಚಿಯವು. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಆಕಸ್ಮಿಕವಾಗಿ ಗಂಟು ಕಂಡ, 35 ವರ್ಷ ಅಥವಾ ಹೆಚ್ಚು ವಯಸ್ಸಿನವರಿಗೆ ಅವು ಅನ್ವಯಿಸುತ್ತವೆ. ಈಗಾಗಲೇ ಕ್ಯಾನ್ಸರ್ ಇರುವವರು, ಅಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ಕುಗ್ಗಿರುವವರು ಈ ಲೆಕ್ಕವನ್ನು ತಮಗೆ ಹಚ್ಚಿಕೊಳ್ಳಬಾರದು. ಅವರ ವಿಷಯವನ್ನು ಅವರ ವೈದ್ಯರೇ ನಿರ್ಧರಿಸಬೇಕು.

ಗ್ರೌಂಡ್ ಗ್ಲಾಸ್ ಗಂಟು ಎಂದರೆ ಏನು?

ಸಿಟಿ ಚಿತ್ರದಲ್ಲಿ ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗಿ ಕಾಣುತ್ತದೆ. ಅದರೊಳಗೆ ಒಂದು ಕಡೆ ಮಾತ್ರ ತೆಳುವಾದ ಬೂದು ಮಬ್ಬು ಇದ್ದು, ಅದರ ನಡುವೆಯೂ ರಕ್ತನಾಳ, ಶ್ವಾಸನಾಳಗಳ ಅಂಚು ಅಳಿಯದೆ ಕಾಣುತ್ತಿದ್ದರೆ ಅದು ಗ್ರೌಂಡ್ ಗ್ಲಾಸ್. ಮಬ್ಬುಗಾಜಿನ ಕಿಟಕಿಯಾಚೆ ನಿಂತವರ ಆಕಾರ ತಿಳಿಯುತ್ತದಲ್ಲ, ಹಾಗೆ. ಅಲ್ಲಿನ ಗಾಳಿಗೂಡುಗಳು ಪೂರ್ತಿ ಮುಚ್ಚಿಹೋಗಿರುವುದಿಲ್ಲ. ಗೋಡೆ ದಪ್ಪವಾಗಿರುತ್ತದೆ, ಅಥವಾ ಒಳಗೆ ಸ್ವಲ್ಪ ದ್ರವವೋ ಜೀವಕೋಶಗಳೋ ಸೇರಿರುತ್ತವೆ. 3 ಸೆಂ.ಮೀ.ವರೆಗಿನದನ್ನು ಗಂಟು ಎನ್ನುತ್ತಾರೆ.

ವರದಿಯಲ್ಲಿ ಮೂರು ಬಗೆಯ ಹೆಸರು ಕಾಣಬಹುದು. ಇಡೀ ಗಂಟು ಮಬ್ಬಾಗಿದ್ದರೆ ‘ಪ್ಯೂರ್ ಜಿಜಿಎನ್’. ಮಬ್ಬಿನ ನಡುವೆ ರಕ್ತನಾಳವನ್ನೂ ಮರೆಮಾಡುವಷ್ಟು ಬಿಳಿಯಾದ ಭಾಗವಿದ್ದರೆ ‘ಪಾರ್ಟ್ ಸಾಲಿಡ್’, ಅಂದರೆ ಭಾಗಶಃ ಗಟ್ಟಿ. ಪೂರ್ತಿ ಬಿಳಿಯಾಗಿದ್ದರೆ ‘ಸಾಲಿಡ್’, ಗಟ್ಟಿ ಗಂಟು. ಮೊದಲ ಎರಡನ್ನು ಒಟ್ಟಾಗಿ ‘ಸಬ್‌ಸಾಲಿಡ್’ ಎಂದು ಕರೆಯುತ್ತಾರೆ. ಈ ಪುಟದ ವಿಷಯ ಆ ಎರಡೇ.

ಹಾಗಾದರೆ ನನಗೆ ಕ್ಯಾನ್ಸರ್ ಇದೆಯೇ?

ಒಂದು ಸ್ಕ್ಯಾನ್ ನೋಡಿ ಹೌದು ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ತೀರ್ಮಾನ ನಿಂತಿರುವುದು ಎರಡು ವಿಷಯಗಳ ಮೇಲೆ: ಗಂಟಿನೊಳಗೆ ಗಟ್ಟಿ ಭಾಗ ಎಷ್ಟಿದೆ, ಮತ್ತು ಕೆಲವು ತಿಂಗಳ ನಂತರವೂ ಗಂಟು ಉಳಿದಿದೆಯೇ.

ನ್ಯೂಯಾರ್ಕಿನ ಇಎಲ್‌ಸಿಎಪಿ ತಪಾಸಣಾ ಅಧ್ಯಯನದ 2002ರ ವರದಿಯಲ್ಲಿ ಭಾಗಶಃ ಗಟ್ಟಿ ಗಂಟುಗಳಲ್ಲಿ ಶೇ 63, ಪೂರ್ತಿ ಮಬ್ಬು ಗಂಟುಗಳಲ್ಲಿ ಶೇ 18, ಗಟ್ಟಿ ಗಂಟುಗಳಲ್ಲಿ ಶೇ 7 ಕ್ಯಾನ್ಸರ್ ಎಂದು ಕಂಡುಬಂದಿತ್ತು. ಇಂಟರ್‌ನೆಟ್ಟಿನಲ್ಲಿ ಈ ಅಂಕಿಗಳನ್ನು ಓದಿ ನಿದ್ದೆಗೆಡುವವರು ಒಂದು ಮಾತು ಗಮನಿಸಬೇಕು. ಅದರಲ್ಲಿದ್ದವರು 60 ದಾಟಿದ, ಧೂಮಪಾನದ ಇತಿಹಾಸವಿದ್ದ ಜನ. ಬೇರಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದ 40ರ ಆಸುಪಾಸಿನವರಿಗೆ ಆ ಶೇಕಡಾವಾರು ಲೆಕ್ಕ ಹೊಂದುವುದಿಲ್ಲ. ಮೂರು ಬಗೆಗಳ ನಡುವಿನ ವ್ಯತ್ಯಾಸವಂತೂ ನಿಜ: ಮಬ್ಬಿನ ಜೊತೆ ಗಟ್ಟಿ ಭಾಗ ಸೇರಿರುವ ಗಂಟನ್ನೇ ಹೆಚ್ಚು ಅನುಮಾನದಿಂದ ನೋಡಬೇಕು.

ಕ್ಯಾನ್ಸರ್ ಅಲ್ಲದಿದ್ದರೆ ಮತ್ತೇನಿರಬಹುದು?

ವೈರಾಣು ಸೋಂಕು, ವಾಸಿಯಾಗುತ್ತಿರುವ ನ್ಯುಮೋನಿಯಾ, ಚಿಕ್ಕ ರಕ್ತಸ್ರಾವ, ಈಸಿನೋಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚಾಗುವ ಕಾಯಿಲೆ, ಆರ್ಗನೈಸಿಂಗ್ ನ್ಯುಮೋನಿಯಾ ಎಂಬ ಉರಿಯೂತ, ಹಳೆಯ ಗಾಯದ ಕಲೆ: ಇವೆಲ್ಲ ಹೀಗೇ ಕಾಣಬಲ್ಲವು. ಕಲೆಯೊಂದನ್ನು ಬಿಟ್ಟರೆ ಉಳಿದವು ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಕರಗುತ್ತವೆ. ಅದಕ್ಕೇ ಮೊದಲ ಸ್ಕ್ಯಾನ್ ಆದ ತಕ್ಷಣ ಸೂಜಿ ಹಾಕದೆ ಕಾಯುವುದು. ಸ್ಕ್ಯಾನ್ ಮಾಡಿಸಿದ ವಾರದಲ್ಲಿ ಜ್ವರ, ಶೀತ ಇತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಚಿಕ್ಕ ವಿವರವಾದರೂ ಓದುವವರ ಅಂದಾಜನ್ನೇ ಬದಲಿಸುತ್ತದೆ.

ಟಿಬಿ ಇರಬಹುದೆಂದು ಆರು ತಿಂಗಳ ಮಾತ್ರೆ ಶುರು ಮಾಡೋಣ ಎನ್ನುತ್ತಿದ್ದಾರೆ. ಸರಿಯೇ?

ಬೇರೆ ಯಾವ ಲಕ್ಷಣವೂ ಇಲ್ಲದೆ ಒಂಟಿಯಾಗಿ ಕಂಡ ಮಬ್ಬು ಗಂಟಿಗೆ, ಕಫ ಪರೀಕ್ಷೆಯ ಆಧಾರವೂ ಇಲ್ಲದೆ ಟಿಬಿ ಮಾತ್ರೆ ಕೊಡುವುದು ಸರಿಯಲ್ಲ. ಶ್ವಾಸಕೋಶದ ಟಿಬಿ ಸಿಟಿಯಲ್ಲಿ ಹೆಚ್ಚಾಗಿ ಬೇರೆ ರೂಪದಲ್ಲಿ ಕಾಣುತ್ತದೆ: ಕವಲು ಕವಲಾಗಿ ಹರಡಿದ ಸಣ್ಣ ಚುಕ್ಕೆಗಳು, ಟೊಳ್ಳು, ಗಟ್ಟಿ ಮಚ್ಚೆ, ಊದಿಕೊಂಡ ದುಗ್ಧಗ್ರಂಥಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕಫವನ್ನು ಟಿಬಿ ರೋಗಾಣು ಪತ್ತೆಹಚ್ಚುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆಗೆ ಕೊಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದಕ್ಕೆ ಅಂದಾಜಿನ ಮೇಲೆ ಕೊಟ್ಟ ಟಿಬಿ ಮಾತ್ರೆಯೂ ಒಂದು ಕಾರಣ. ಮಬ್ಬು ಗಂಟು ನಿಧಾನವಾಗಿ ಬೆಳೆಯುವುದರಿಂದ ಆರು ತಿಂಗಳಲ್ಲಿ ದೊಡ್ಡ ಅನಾಹುತವಾಗದಿರಬಹುದು. ಆದರೆ ‘ಟಿಬಿ ಇತ್ತು, ಮಾತ್ರೆ ಮುಗಿಯಿತು’ ಎಂದು ಮುಂದಿನ ಸ್ಕ್ಯಾನ್ ಅನ್ನೇ ಮರೆತುಬಿಡುತ್ತಾರೆ. ನಿಜವಾದ ಹಾನಿ ಅಲ್ಲಾಗುತ್ತದೆ.

ಸೋಂಕಿನ ಲಕ್ಷಣವಿಲ್ಲದೆ ಬರಿ ಗಂಟು ‘ಕರಗಿಸಲು’ ಕೊಡುವ ಆಂಟಿಬಯಾಟಿಕ್, ಸ್ಟೀರಾಯ್ಡ್‌ಗಳಿಗೂ ಇದೇ ಮಾತು ಸಲ್ಲುತ್ತದೆ. ತಾನಾಗಿ ಕರಗುವುದು ಕರಗುತ್ತದೆ, ಆದರೆ ಹೆಸರು ಮಾತ್ರೆಗೆ ಬರುತ್ತದೆ.

ಕ್ಯಾನ್ಸರ್ ಆಗಿದ್ದರೆ ಅದು ಯಾವ ಬಗೆಯದು?

ಉಳಿದುಕೊಳ್ಳುವ ಮಬ್ಬು ಗಂಟಿನಲ್ಲಿ ಕ್ಯಾನ್ಸರ್ ಇದ್ದರೆ ಅದು ಸಾಮಾನ್ಯವಾಗಿ ಅಡಿನೋಕಾರ್ಸಿನೋಮಾ (ಗ್ರಂಥಿಯಂತಹ ಜೀವಕೋಶಗಳಿಂದ ಹುಟ್ಟುವ ಕ್ಯಾನ್ಸರ್) ಸಾಲಿಗೆ ಸೇರಿದ್ದು. ಆ ಸಾಲಿನಲ್ಲಿ ಹಂತಗಳಿವೆ. ಮೊದಲನೆಯದು ಎಎಎಚ್, ಇದು ಸಾಮಾನ್ಯವಾಗಿ 5 ಮಿ.ಮೀ. ಮೀರದ, ಕ್ಯಾನ್ಸರ್‌ಗೆ ಮುನ್ನಿನ ಬದಲಾವಣೆ. ಆಮೇಲೆ ಎಐಎಸ್: ಅಸಹಜ ಜೀವಕೋಶಗಳು ಗಾಳಿಗೂಡಿನ ಗೋಡೆಯ ಮೇಲಷ್ಟೇ ಹಬ್ಬಿರುತ್ತವೆ, ಒಳಗೆ ನುಗ್ಗಿರುವುದಿಲ್ಲ, ಗಾತ್ರ 3 ಸೆಂ.ಮೀ. ಒಳಗೆ. ಮೂರನೆಯದು ಎಂಐಎ: ನುಗ್ಗಿದ ಭಾಗ 5 ಮಿ.ಮೀ. ಮೀರಿರುವುದಿಲ್ಲ. ಅದನ್ನೂ ದಾಟಿದರೆ ಆಕ್ರಮಣಕಾರಿ ಅಡಿನೋಕಾರ್ಸಿನೋಮಾ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಮೊದಲ ಎರಡನ್ನು ಕ್ಯಾನ್ಸರ್‌ಗೆ ಮುನ್ನಿನ ಸ್ಥಿತಿಗಳೆಂದೇ ಎಣಿಸುತ್ತದೆ. ಎಐಎಸ್, ಎಂಐಎ ಹಂತದಲ್ಲಿ ಪೂರ್ತಿ ತೆಗೆದರೆ ಐದು ವರ್ಷದ ನಂತರ ರೋಗವಿಲ್ಲದೆ ಇರುವವರ ಪ್ರಮಾಣ ಹೆಚ್ಚುಕಡಿಮೆ ನೂರಕ್ಕೆ ನೂರು.

ಸಿಟಿಯಲ್ಲಿ ಕಾಣುವ ಮಬ್ಬು ಬಹುಮಟ್ಟಿಗೆ ಗೋಡೆಯ ಮೇಲಿನ ಹಬ್ಬುವಿಕೆ. ಗಟ್ಟಿ ಭಾಗ ಬಹುಮಟ್ಟಿಗೆ ಒಳನುಗ್ಗಿದ ಭಾಗ. ಇದು ಪೂರ್ತಿ ಕರಾರುವಾಕ್ಕಾದ ಹೊಂದಾಣಿಕೆಯಲ್ಲ. ಗಾಳಿಗೂಡು ಕುಸಿದಿದ್ದರೂ, ನಾರು ಕಟ್ಟಿದ್ದರೂ ಬೆಳ್ಳಗೆ ಕಾಣುತ್ತದೆ. ಆದರೂ ಕ್ಯಾನ್ಸರ್ ಎಷ್ಟು ಮುಂದುವರಿದಿದೆ ಎಂದು ಹೇಳುವ ಟಿಎನ್‌ಎಂ ಹಂತ ನಿರ್ಧಾರದಲ್ಲಿ 8ನೇ ಆವೃತ್ತಿಯಿಂದ ಇಡೀ ಗಂಟಿನ ಬದಲು ಗಟ್ಟಿ ಭಾಗದ ಅಳತೆಯನ್ನೇ ತೆಗೆದುಕೊಳ್ಳುತ್ತಿರುವುದು ಈ ಕಾರಣಕ್ಕೆ.

ಎಷ್ಟು ಬೇಗ ಬೆಳೆಯುತ್ತದೆ?

ಬಹಳ ನಿಧಾನ. 2000ದಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಕ್ಯಾನ್ಸರ್ ಎಂದು ದೃಢಪಟ್ಟ ಗಂಟುಗಳ ಗಾತ್ರ ಇಮ್ಮಡಿಯಾಗಲು ಹಿಡಿದ ಸರಾಸರಿ ಸಮಯ ಹೀಗಿತ್ತು: ಪೂರ್ತಿ ಮಬ್ಬು 813 ದಿನ, ಭಾಗಶಃ ಗಟ್ಟಿ 457 ದಿನ, ಗಟ್ಟಿ ಗಂಟು 149 ದಿನ. ಇಲ್ಲಿ ಇಮ್ಮಡಿ ಎಂದರೆ ಘನ ಗಾತ್ರ, ಅಡ್ಡಳತೆಯಲ್ಲ. 10 ಮಿ.ಮೀ. ಗಂಟು ಇಮ್ಮಡಿಯಾದರೆ ಅಡ್ಡಳತೆ ಸುಮಾರು 12.6 ಮಿ.ಮೀ. ಆಗುತ್ತದೆ, ಅಷ್ಟೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ‘ಬೆಳೆದಿಲ್ಲ’ ಎಂದು ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ಅಷ್ಟರಲ್ಲಿ ಬೆಳೆದದ್ದು ಕಣ್ಣಿಗೆ ಕಾಣುವುದೇ ಇಲ್ಲ.

ಬೀಡಿ, ಸಿಗರೇಟು ಮುಟ್ಟಿಯೇ ಇಲ್ಲ. ನನಗೇಕೆ?

ಈ ಬಗೆಯ ಗಂಟುಗಳು ಧೂಮಪಾನ ಮಾಡದವರಲ್ಲೂ, ಅದರಲ್ಲೂ ಏಷ್ಯಾದ ಮಹಿಳೆಯರಲ್ಲಿ ಸಾಕಷ್ಟು ಕಾಣುತ್ತವೆ. ಇವರ ಅಡಿನೋಕಾರ್ಸಿನೋಮಾಗಳಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಹೆಚ್ಚು. ಪಕ್ಕದವರ ಹೊಗೆ, ಒಡಹುಟ್ಟಿದವರಲ್ಲೋ ತಂದೆತಾಯಿಯಲ್ಲೋ ಶ್ವಾಸಕೋಶದ ಕ್ಯಾನ್ಸರ್, ವಾಯುಮಾಲಿನ್ಯ, ಕಲ್ನಾರಿನ ಧೂಳು ಅಪಾಯ ಹೆಚ್ಚಿಸುತ್ತವೆ. ಸೌದೆ ಒಲೆಯ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿನಲ್ಲಿಟ್ಟಿದೆ. ‘ಸಿಗರೇಟು ಸೇದುವುದಿಲ್ಲವಲ್ಲ, ಬಿಡಿ’ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ ಮುಂದಿನ ಸ್ಕ್ಯಾನ್ ತಪ್ಪಿಸಬೇಡಿ.

ವರದಿಯಲ್ಲಿ ನಾನು ಏನೇನು ಹುಡುಕಬೇಕು?

ಗಂಟು ಯಾವ ಬಗೆಯದು. ಒಟ್ಟು ಅಳತೆ ಎಷ್ಟು: ಉದ್ದ ಮತ್ತು ಅಡ್ಡದ ಸರಾಸರಿಯನ್ನು ಪೂರ್ಣ ಮಿಲಿಮೀಟರಿನಲ್ಲಿ ಕೊಡುವುದು ರೂಢಿ. ಗಟ್ಟಿ ಭಾಗವಿದ್ದರೆ ಅದರ ಅಳತೆ ಬೇರೆಯಾಗಿ ಬರೆದಿದೆಯೇ. ಯಾವ ಹಾಲೆ (ಶ್ವಾಸಕೋಶದ ದೊಡ್ಡ ಭಾಗ, ಲೋಬ್), ಎಷ್ಟನೇ ಚಿತ್ರ. ಅಂಚು ಮುಳ್ಳುಮುಳ್ಳಾಗಿದೆಯೇ, ಹೊರಪೊರೆಯನ್ನು ಒಳಗೆಳೆದುಕೊಂಡಿದೆಯೇ, ಒಳಗೆ ಗಾಳಿಗುಳ್ಳೆ ಇದೆಯೇ. ಹಳೆಯ ಸ್ಕ್ಯಾನ್ ಜೊತೆ ಹೋಲಿಸಿದ್ದಾರೆಯೇ.

ಬರಿ ‘ಬಲ ಮೇಲಿನ ಹಾಲೆಯಲ್ಲಿ ಸಣ್ಣ ಜಿಜಿಓ’ ಎಂದಿರುವ ವರದಿ ಸಾಲದು. ಅಳತೆಯನ್ನು ಕೇಳಿ ಬರೆಸಿಕೊಳ್ಳುವ ಹಕ್ಕು ನಿಮ್ಮದು. ಆ ಒಂದು ಅಂಕಿ ಇಲ್ಲದಿದ್ದರೆ ಎರಡು ವರ್ಷದ ನಂತರ ಯಾವುದರ ಜೊತೆ ಹೋಲಿಸುವುದು?

ಸ್ಕ್ಯಾನ್ ಹೇಗೆ ತೆಗೆಸಬೇಕು? ಎಕ್ಸ್-ರೇ ಸಾಲದೇ?

ಎಕ್ಸ್-ರೇಯಲ್ಲಿ ಚಿಕ್ಕ ಮಬ್ಬು ಗಂಟು ಕಾಣುವುದೇ ಇಲ್ಲ ಎನ್ನಬಹುದು. ಹಾಗಾಗಿ ‘ಎಕ್ಸ್-ರೇ ನಾರ್ಮಲ್’ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ.

ಬೇಕಾದದ್ದು ತೆಳು ಪದರದ ಸಿಟಿ. ಪದರ 1.5 ಮಿ.ಮೀ. ಮೀರಬಾರದು, 1 ಮಿ.ಮೀ. ಇದ್ದರೆ ಉತ್ತಮ, ನಡುವೆ ಅಂತರ ಬಿಡದೆ ತೆಗೆದಿರಬೇಕು. 5 ಮಿ.ಮೀ. ಪದರದಲ್ಲಿ ಚಿಕ್ಕ ಗಟ್ಟಿ ಗಂಟು ಸುತ್ತಲಿನ ಗಾಳಿಯ ಜೊತೆ ಬೆರೆತು ಮಬ್ಬಾಗಿ ಕಾಣಬಹುದು. ಮಬ್ಬಿನೊಳಗಿನ 3 ಮಿ.ಮೀ. ಗಟ್ಟಿ ಭಾಗ ಕಾಣದೆಯೇ ಹೋಗಬಹುದು. ಹಳೆಯ ಪದ್ಧತಿಯ ಎಚ್‌ಆರ್‌ಸಿಟಿಯಲ್ಲಿ 10 ಮಿ.ಮೀ. ಅಂತರ ಬಿಟ್ಟು ಚಿತ್ರ ತೆಗೆಯುತ್ತಿದ್ದರು. ಅಂತಹದರಲ್ಲಿ ಗಂಟು ಎರಡು ಚಿತ್ರಗಳ ಸಂದಿನಲ್ಲಿ ತಪ್ಪಿಹೋಗಬಹುದು.

ಉಸಿರು ಪೂರ್ತಿ ಒಳಗೆಳೆದು ಹಿಡಿಯಬೇಕು. ಅರ್ಧ ಉಸಿರಿನಲ್ಲಿ ತೆಗೆದರೆ ಶ್ವಾಸಕೋಶವೇ ಮಬ್ಬಾಗಿ, ಗಂಟಿನ ಬಣ್ಣವೂ ಅಳತೆಯೂ ಬದಲಾಗುತ್ತವೆ. ಸ್ಕ್ಯಾನ್‌ಗೆ ಮುಂಚೆ ಎರಡು ಸಲ ಅಭ್ಯಾಸ ಮಾಡಿಸಿ ಎಂದು ಟೆಕ್ನಿಷಿಯನ್‌ಗೆ ಹೇಳಿ. ಮಲಗಿದಾಗ ಬೆನ್ನ ಕಡೆ ಬರುವ ಸಹಜ ಮಬ್ಬನ್ನು ಗಂಟೆಂದು ಭಾವಿಸುವುದೂ ಉಂಟು. ಅನುಮಾನವಿದ್ದರೆ ಬೋರಲು ಮಲಗಿಸಿ ಮತ್ತೆ ತೆಗೆದಾಗ ಅದು ಮಾಯವಾಗುತ್ತದೆ. ಗಂಟಿನ ನಿಗಾಕ್ಕೆ, ರಕ್ತನಾಳ ಎದ್ದು ಕಾಣಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ.

ಸಾಧ್ಯವಾದಷ್ಟು ಒಂದೇ ಕಡೆ, ಒಂದೇ ಬಗೆಯ ಸೆಟ್ಟಿಂಗ್‌ನಲ್ಲಿ ಮಾಡಿಸಿ. ಫಿಲ್ಮ್ ಹಾಳೆಗಿಂತ ಮುಖ್ಯವಾದದ್ದು ಡೈಕಾಂ ರೂಪದ, ಅಂದರೆ ಕಂಪ್ಯೂಟರಿನಲ್ಲಿ ತೆರೆದು ನೋಡುವ ಮೂಲ ಚಿತ್ರಗಳು. ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ತೆಳು ಪದರದ ಪೂರ್ತಿ ಸರಣಿ ಕೇಳಿ ಪಡೆಯಿರಿ. ಕೆಲವು ಕೇಂದ್ರಗಳು ದಪ್ಪ ಪದರದ್ದನ್ನಷ್ಟೇ ಹಾಕಿಕೊಟ್ಟು ತೆಳು ಪದರದ್ದನ್ನು ಕೆಲ ದಿನಗಳ ನಂತರ ಅಳಿಸಿಬಿಡುತ್ತವೆ. ಕೋವಿಡ್ ಕಾಲದಲ್ಲಿ ಎದೆಯ ಸಿಟಿ ಮಾಡಿಸಿದ್ದರೆ ಅದನ್ನೂ ಬೀರುವಿನಿಂದ ಹುಡುಕಿ ತನ್ನಿ. ಅದೇ ಜಾಗದಲ್ಲಿ ಆಗಲೂ ಗಂಟು ಇತ್ತೇ ಎಂಬ ಒಂದು ಉತ್ತರ, ಮುಂದಿನ ಹಲವು ತಿಂಗಳ ಕಾಯುವಿಕೆಯನ್ನು ಉಳಿಸಬಹುದು.

ಮತ್ತೆ ಯಾವಾಗ ಸ್ಕ್ಯಾನ್?

ಒಂಟಿ ಗಂಟು, ಪೂರ್ತಿ ಮಬ್ಬು, 6 ಮಿ.ಮೀ.ಗಿಂತ ಚಿಕ್ಕದು: ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಬೇಡ. ರೂಪ ಅನುಮಾನಾಸ್ಪದವಾಗಿದ್ದರೆ ಅಥವಾ ಅಪಾಯದ ಅಂಶಗಳಿದ್ದರೆ 2 ಮತ್ತು 4ನೇ ವರ್ಷದಲ್ಲಿ ನೋಡಬಹುದು.

ಪೂರ್ತಿ ಮಬ್ಬು, 6 ಮಿ.ಮೀ. ಅಥವಾ ಹೆಚ್ಚು: 6ರಿಂದ 12 ತಿಂಗಳಲ್ಲಿ ಒಂದು ಸ್ಕ್ಯಾನ್. ಗಂಟು ಉಳಿದಿದ್ದರೆ ಎರಡು ವರ್ಷಕ್ಕೊಮ್ಮೆ, ಐದು ವರ್ಷ ತುಂಬುವವರೆಗೆ.

ಭಾಗಶಃ ಗಟ್ಟಿ, ಒಟ್ಟು 6 ಮಿ.ಮೀ. ಅಥವಾ ಹೆಚ್ಚು: 3ರಿಂದ 6 ತಿಂಗಳಲ್ಲಿ ಸ್ಕ್ಯಾನ್. ಬದಲಾಗದೆ ಉಳಿದು, ಗಟ್ಟಿ ಭಾಗ 6 ಮಿ.ಮೀ. ಒಳಗಿದ್ದರೆ ವರ್ಷಕ್ಕೊಮ್ಮೆ, ಐದು ವರ್ಷ. ಉಳಿದುಕೊಂಡ ಗಂಟಿನ ಗಟ್ಟಿ ಭಾಗ 6 ಮಿ.ಮೀ. ಮುಟ್ಟಿದ್ದರೆ ಕ್ಯಾನ್ಸರ್ ಅನುಮಾನ ಬಲವಾಗಿದೆ ಎಂದೇ ಲೆಕ್ಕ. ಪೆಟ್ (ಸಕ್ಕರೆ ಹೆಚ್ಚು ಹೀರುವ ಜಾಗವನ್ನು ಹೊಳೆಸಿ ತೋರಿಸುವ ಸ್ಕ್ಯಾನ್), ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಅಥವಾ ನೇರ ಶಸ್ತ್ರಚಿಕಿತ್ಸೆಯ ಮಾತು ಅಲ್ಲಿ ಶುರುವಾಗುತ್ತದೆ.

ಐದು ವರ್ಷ ಯಾಕೆ? 2016ರಲ್ಲಿ ಪ್ರಕಟವಾದ ಜಪಾನಿನ ಬಹುಕೇಂದ್ರ ಅಧ್ಯಯನದಲ್ಲಿ 1046 ಪೂರ್ತಿ ಮಬ್ಬು ಗಂಟುಗಳ ಪೈಕಿ ಭಾಗಶಃ ಗಟ್ಟಿಯಾದದ್ದು 56, ಅಂದರೆ ಶೇ 5.4. ಆ ಬದಲಾವಣೆಗೆ ಸರಾಸರಿ 3.8 ವರ್ಷ ಹಿಡಿದಿತ್ತು. ಬಹುಪಾಲು ಗಂಟುಗಳು ಹಾಗೇ ಉಳಿಯುತ್ತವೆ, ಬದಲಾಗುವವು ತಡವಾಗಿ ಬದಲಾಗುತ್ತವೆ. ಹಾಗಾಗಿ ‘ಎರಡು ವರ್ಷ ಏನೂ ಆಗಲಿಲ್ಲ, ಇನ್ನು ಸಾಕು’ ಎಂದು ನಿಲ್ಲಿಸುವುದು ನಮ್ಮ ಪ್ರಕಾರ ಈ ಇಡೀ ವಿಷಯದಲ್ಲಿ ರೋಗಿಗಳಿಂದ ಆಗುವ ದೊಡ್ಡ ತಪ್ಪು. ಎರಡು ವರ್ಷದ ನಿಯಮ ಗಟ್ಟಿ ಗಂಟಿನದು.

‘ಬೆಳೆದಿದೆ’ ಎಂದು ಯಾವಾಗ ಹೇಳುತ್ತಾರೆ?

ಅಡ್ಡಳತೆ ಕನಿಷ್ಠ 2 ಮಿ.ಮೀ. ಹೆಚ್ಚಿರಬೇಕು. ಒಂದೇ ಗಂಟನ್ನು ಇಬ್ಬರು ಅಳೆದರೂ, ಒಬ್ಬರೇ ಎರಡು ಸಲ ಅಳೆದರೂ ಅಷ್ಟು ವ್ಯತ್ಯಾಸ ಬರಬಹುದು. ‘7 ಇದ್ದದ್ದು 8 ಆಗಿದೆ’ ಎಂಬುದು ಗಾಬರಿಗೆ ಕಾರಣವಲ್ಲ. ಅಳತೆ ಬದಲಾಗದೆ ಒಳಗೆ ಹೊಸದಾಗಿ ಗಟ್ಟಿ ಭಾಗ ಕಾಣಿಸಿಕೊಂಡರೆ, ಇದ್ದ ಗಟ್ಟಿ ಭಾಗ ದೊಡ್ಡದಾದರೆ, ಅದು 2 ಮಿ.ಮೀ. ಬೆಳವಣಿಗೆಗಿಂತ ಗಂಭೀರ. ಗಂಟು ಕುಗ್ಗಿ ಜೊತೆಗೇ ಬಿಳಿಯಾಗುತ್ತಿದ್ದರೆ ‘ಚಿಕ್ಕದಾಯಿತು’ ಎಂದು ಸಂತೋಷಪಡುವಂತಿಲ್ಲ. ಕ್ಯಾನ್ಸರ್ ಗಂಟಿನೊಳಗೆ ಗಾಳಿಗೂಡುಗಳು ಕುಸಿದು ನಾರು ಕಟ್ಟಿದಾಗಲೂ ಹೀಗಾಗುತ್ತದೆ. ಹೋಲಿಸುವಾಗ ಹಿಂದಿನ ಸ್ಕ್ಯಾನ್ ಜೊತೆಗಷ್ಟೇ ಅಲ್ಲ, ಎಲ್ಲಕ್ಕಿಂತ ಹಳೆಯದರ ಜೊತೆಗೂ ಹೋಲಿಸಲು ಹೇಳಿ. ವರ್ಷಕ್ಕೆ 1 ಮಿ.ಮೀ. ಬೆಳವಣಿಗೆ, ವರ್ಷಕ್ಕೊಮ್ಮೆ ತೆಗೆದ ಪಕ್ಕಪಕ್ಕದ ಎರಡು ಸ್ಕ್ಯಾನ್‌ಗಳಲ್ಲಿ ಕಾಣದೆ ಹೋಗಬಹುದು.

ಪೆಟ್ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುವುದಿಲ್ಲವೇ?

ಪೂರ್ತಿ ಮಬ್ಬು ಗಂಟಿಗೆ ಪೆಟ್ ದಂಡದ ಖರ್ಚು. ಅಲ್ಲಿ ಕ್ಯಾನ್ಸರ್ ಇದ್ದರೂ ಜೀವಕೋಶಗಳು ವಿರಳ, ನಿಧಾನ. ಸಕ್ಕರೆ ಹೀರಿಕೊಳ್ಳುವುದು ಕಡಿಮೆ, ಹೊಳೆಯುವುದಿಲ್ಲ. ‘ಪೆಟ್ ನೆಗೆಟಿವ್’ ಎಂದು ಧೈರ್ಯ ತಂದುಕೊಂಡು ನಿಗಾ ಬಿಡುವವರಿದ್ದಾರೆ. ಗಟ್ಟಿ ಭಾಗ 8 ಮಿ.ಮೀ. ಆಸುಪಾಸು ಅಥವಾ ಹೆಚ್ಚಿದ್ದಾಗ ಪೆಟ್‌ಗೆ ಅರ್ಥವಿದೆ. ಆಗಲೂ ಟಿಬಿ, ಉರಿಯೂತ ಹೊಳೆಯುತ್ತವೆ ಎಂಬುದನ್ನು ಮರೆಯುವಂತಿಲ್ಲ.

ರಕ್ತ ಪರೀಕ್ಷೆ?

ಸಿಇಎ ಮುಂತಾದ ‘ಟ್ಯೂಮರ್ ಮಾರ್ಕರ್’ಗಳು ಈ ಹಂತದಲ್ಲಿ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತವೆ. ಉಪಯೋಗವಿಲ್ಲ.

ಬಯಾಪ್ಸಿ ಮಾಡಿಸಿ ಮುಗಿಸಿಬಿಡಬಹುದಲ್ಲ?

ಚಿಕ್ಕ ಮಬ್ಬು ಗಂಟಿಗೆ ಸೂಜಿ ಗುರಿಯಿಡುವುದೇ ಕಷ್ಟ. ಸೂಜಿ ತಾಗಿ ಸುತ್ತ ರಕ್ತ ಒಸರಿದರೆ ಅದೂ ಮಬ್ಬಾಗಿಯೇ ಕಾಣುವುದರಿಂದ ಗಂಟೇ ಮರೆಯಾಗುತ್ತದೆ. ಸಿಕ್ಕ ಚೂರಿನಲ್ಲಿ ಎಐಎಸ್ ಕಂಡರೂ ಉಳಿದ ಭಾಗದಲ್ಲಿ ಒಳನುಗ್ಗಿಲ್ಲ ಎಂದು ಹೇಳಲಾಗದು. ಎಐಎಸ್, ಎಂಐಎ ಎಂಬ ತೀರ್ಮಾನಕ್ಕೆ ಇಡೀ ಗಂಟನ್ನು ತೆಗೆದು ನೋಡಲೇಬೇಕು. ಏನೂ ಸಿಗದಿದ್ದರೆ ‘ಕ್ಯಾನ್ಸರ್ ಇಲ್ಲ’ ಎಂದಲ್ಲ, ‘ಸಿಗಲಿಲ್ಲ’ ಎಂದಷ್ಟೇ. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡು ನಳಿಕೆ ಹಾಕಬೇಕಾಗುವುದು, ಕಫದಲ್ಲಿ ರಕ್ತ ಬರುವುದು ಇದರ ಮುಖ್ಯ ತೊಂದರೆಗಳು. ಗಟ್ಟಿ ಭಾಗ ಚೆನ್ನಾಗಿ ಬೆಳೆದಿದ್ದು, ಸಿಗುವ ಉತ್ತರದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಬಯಾಪ್ಸಿ ಮಾಡಿಸುವುದು ಸರಿ.

ಇಷ್ಟು ಸ್ಕ್ಯಾನ್‌ಗಳ ವಿಕಿರಣವೇ ಅಪಾಯವಲ್ಲವೇ?

ನಿಗಾದ ಸ್ಕ್ಯಾನ್‌ಗಳನ್ನು ಲೋ ಡೋಸ್ ವಿಧಾನದಲ್ಲಿ ಮಾಡಿಸಿ. ಅದರಲ್ಲಿ ಸುಮಾರು 1.5 ಮಿಲಿಸೀವರ್ಟ್, ಪ್ರಕೃತಿಯಿಂದ ನಮ್ಮೆಲ್ಲರಿಗೂ ವರ್ಷಕ್ಕೆ ಬೀಳುವ ವಿಕಿರಣದ ಜಾಗತಿಕ ಸರಾಸರಿಯೇ ಸುಮಾರು 2.4. ಸಾಮಾನ್ಯ ಎದೆಯ ಸಿಟಿಯಲ್ಲಿ ಇದರ ಕೆಲವು ಪಟ್ಟು. ಚೀಟಿಯಲ್ಲಿ ‘ಲೋ ಡೋಸ್, ಕಾಂಟ್ರಾಸ್ಟ್ ಇಲ್ಲದೆ, ತೆಳು ಪದರ’ ಎಂದು ಬರೆಸಿಕೊಂಡು ಹೋಗಿ. ಗರ್ಭಿಣಿಯಾಗಿದ್ದರೆ ಮುಂದೂಡಬಹುದು, ಈ ಗಂಟಿಗೆ ಅಷ್ಟು ಅವಸರವಿರುವುದಿಲ್ಲ.

ಒಂದಲ್ಲ, ನಾಲ್ಕೈದು ಗಂಟುಗಳಿವೆ. ಹರಡಿಬಿಟ್ಟಿದೆಯೇ?

ಹಲವು ಮಬ್ಬು ಗಂಟುಗಳು ಕಂಡರೆ ಅವು ಒಂದರಿಂದ ಇನ್ನೊಂದಕ್ಕೆ ಹರಡಿದವಲ್ಲ, ಬಹುತೇಕ ಬೇರೆಬೇರೆಯಾಗಿ ಹುಟ್ಟಿದವು. ನಾಲ್ಕನೇ ಹಂತ ಎಂದು ಎದೆಗುಂದಬೇಡಿ. ಸೋಂಕಿನಿಂದಲೂ ಹೀಗೆ ಬರುವುದರಿಂದ 3ರಿಂದ 6 ತಿಂಗಳಲ್ಲಿ ಮತ್ತೆ ನೋಡುತ್ತಾರೆ. ಉಳಿದವುಗಳಲ್ಲಿ ಅತಿ ಅನುಮಾನದ ಗಂಟು ಯಾವುದೋ ಅದರ ಮೇಲೆ ಮುಂದಿನ ನಿರ್ಧಾರ. ಎಲ್ಲವೂ 6 ಮಿ.ಮೀ.ಗಿಂತ ಚಿಕ್ಕವಾಗಿ ಸ್ಥಿರವಾಗಿದ್ದರೆ 2 ಮತ್ತು 4ನೇ ವರ್ಷಕ್ಕೆ ನೋಡಿದರೆ ಸಾಕು.

ಶಸ್ತ್ರಚಿಕಿತ್ಸೆ ಎಂದರೆ ಅರ್ಧ ಶ್ವಾಸಕೋಶವನ್ನೇ ತೆಗೆಯುತ್ತಾರೆಯೇ?

ಹಿಂದೆ ಇಡೀ ಹಾಲೆ ತೆಗೆಯುವುದೇ ನಿಯಮವಾಗಿತ್ತು. ಈಗ ಚಿಕ್ಕ ಗಂಟಿಗೆ ಅಷ್ಟು ಬೇಡ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಜಪಾನಿನ ಜೆಸಿಒಜಿ 0804 ಅಧ್ಯಯನದಲ್ಲಿ 2 ಸೆಂ.ಮೀ. ಒಳಗಿನ, ಗಟ್ಟಿ ಭಾಗ ಕಾಲುಪಾಲು ಮೀರದ ಗಂಟುಗಳಿಗೆ ಹಾಲೆಯ ತುಣುಕನ್ನಷ್ಟೇ ತೆಗೆದರು; ಐದು ವರ್ಷಕ್ಕೆ ರೋಗ ಮರುಕಳಿಸದೆ ಉಳಿದವರು ಶೇ 99.7. ಗಟ್ಟಿ ಭಾಗ ಅರ್ಧಕ್ಕಿಂತ ಹೆಚ್ಚಿರುವ, 2 ಸೆಂ.ಮೀ. ಒಳಗಿನ ಗಂಟುಗಳಲ್ಲಿ ಸೆಗ್ಮೆಂಟ್ (ಹಾಲೆಯೊಳಗಿನ ಒಂದು ವಿಭಾಗ) ತೆಗೆಯುವುದನ್ನು ಹಾಲೆ ತೆಗೆಯುವುದರ ಜೊತೆ ಹೋಲಿಸಿದ ಜೆಸಿಒಜಿ 0802 ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಐದು ವರ್ಷ ಬದುಕುಳಿದವರು ಸೆಗ್ಮೆಂಟ್ ಗುಂಪಿನಲ್ಲಿ ಶೇ 94.3, ಹಾಲೆ ಗುಂಪಿನಲ್ಲಿ ಶೇ 91.1.

ಈ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಕ್ಯಾಮೆರಾ ಮೂಲಕ, ಚಿಕ್ಕ ರಂಧ್ರಗಳಲ್ಲಿ ಮಾಡುತ್ತಾರೆ. ಮೆತ್ತಗಿನ ಮಬ್ಬು ಗಂಟು ಸರ್ಜನ್‌ನ ಬೆರಳಿಗೆ ಸಿಗುವುದಿಲ್ಲ. ಮೊದಲೇ ಸಿಟಿಯ ನೆರವಿನಿಂದ ತಂತಿ ಅಥವಾ ಬಣ್ಣ ಹಾಕಿ ಜಾಗ ಗುರುತು ಮಾಡಬೇಕಾಗುತ್ತದೆ. ‘ಗುರುತು ಹೇಗೆ ಮಾಡುತ್ತೀರಿ?’ ಎಂದು ಮುಂಚೆಯೇ ಕೇಳಿ. ಸಂದೇಹವಿದ್ದರೆ ಸಿಡಿ ಹಿಡಿದು ಎದೆ ಶಸ್ತ್ರಚಿಕಿತ್ಸಾ ತಜ್ಞರೂ ಕ್ಯಾನ್ಸರ್ ತಜ್ಞರೂ ಇರುವ ಕಡೆ, ಉದಾಹರಣೆಗೆ ಬೆಂಗಳೂರಿನ ಕಿದ್ವಾಯಿಯಂತಹ ಸಂಸ್ಥೆಯಲ್ಲಿ, ಎರಡನೇ ಅಭಿಪ್ರಾಯ ಪಡೆಯಿರಿ. ಅದಕ್ಕೆ ಹಿಡಿಯುವ ಕೆಲವು ವಾರಗಳಿಂದ ಮಬ್ಬು ಗಂಟಿನಲ್ಲಿ ನಷ್ಟವಿಲ್ಲ.

ಅಪ್ಪನಿಗೆ 82. ಹೃದಯವೂ ದುರ್ಬಲ. 9 ಮಿ.ಮೀ. ಮಬ್ಬು ಗಂಟು. ಏನು ಮಾಡಲಿ?

ಏನೂ ಮಾಡದಿರುವುದೂ ಒಂದು ಸರಿಯಾದ ಉತ್ತರ. ಇಮ್ಮಡಿಯಾಗಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯುವ ಗಂಟು ಅವರ ಆಯುಷ್ಯವನ್ನು ಮುಟ್ಟದೇ ಇರುವ ಸಾಧ್ಯತೆಯೇ ಹೆಚ್ಚು. ಅರಿವಳಿಕೆ, ಶಸ್ತ್ರಚಿಕಿತ್ಸೆಯ ಅಪಾಯ ಮಾತ್ರ ನಾಳೆಯದೇ. ಗಟ್ಟಿ ಭಾಗ ಬೆಳೆದರೆ ಶಸ್ತ್ರಚಿಕಿತ್ಸೆ ತಡೆಯಲಾರದವರಿಗೆ ಎಸ್‌ಬಿಆರ್‌ಟಿ ಎಂಬ ಗುರಿಯಿಟ್ಟ ವಿಕಿರಣ ಚಿಕಿತ್ಸೆ ಇದೆ. ಬೆಳವಣಿಗೆ ಕಂಡುಬಂದರೂ ಅವರಿಗೆ ಚಿಕಿತ್ಸೆ ಬೇಡ ಎಂದು ಮನೆಯವರು, ವೈದ್ಯರು ಸೇರಿ ತೀರ್ಮಾನಿಸಿದ್ದರೆ ಮತ್ತೆ ಸ್ಕ್ಯಾನ್ ಮಾಡಿಸುವುದೂ ಬೇಡ.

ಗಂಟು ತೆಗೆದಾಯಿತು. ಇನ್ನು ಕೀಮೋ ಬೇಕೇ?

ಎಐಎಸ್, ಎಂಐಎ, ಮತ್ತು ಪೂರ್ತಿ ತೆಗೆದ 1ಎ ಹಂತಕ್ಕೆ (ಚಿಕ್ಕದಾಗಿದ್ದು ಎಲ್ಲಿಗೂ ಹರಡದ ಕ್ಯಾನ್ಸರ್‌ಗೆ) ಕೀಮೋ ಕೊಡುವುದಿಲ್ಲ. ಪೆಥಾಲಜಿ ವರದಿಯಲ್ಲಿ ಮೂರು ವಿಷಯ ನೋಡಿ: ಒಳನುಗ್ಗಿದ ಭಾಗದ ಅಳತೆ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ ಎಂಬ ಮಾತು, ದುಗ್ಧಗ್ರಂಥಿ ತೆಗೆದಿದ್ದರೆ ಅದರ ಫಲಿತಾಂಶ. ಉಳಿದ ಶ್ವಾಸಕೋಶದಲ್ಲಿ ಹೊಸ ಮಬ್ಬು ಗಂಟು ಹುಟ್ಟಬಹುದಾದ್ದರಿಂದ ಸಿಟಿ ನಿಗಾ ಮುಂದುವರಿಯುತ್ತದೆ. ಹೊಲಿಗೆಯ ಗೆರೆಯ ಬಳಿ ಮೊದಲ ವರ್ಷ ದಪ್ಪಗೆ ಕಾಣುವುದು ಸಾಮಾನ್ಯ; ಶಸ್ತ್ರಚಿಕಿತ್ಸೆಯ ನಂತರದ ಮೊದಲ ಸ್ಕ್ಯಾನ್ ಅನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದಿನವನ್ನೆಲ್ಲ ಅದರ ಜೊತೆಗೇ ಹೋಲಿಸುತ್ತಾರೆ.